ಹಾಸನದ ಹೊರವಲಯದ ಸಣ್ಣ ಸರ್ಕಾರಿ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿಸೋದು: ಓದಿನ ಮಟ್ಟ ಹೇಗೆ ತಿಳಿಯೋದು?

ಪ್ರಶ್ನೆ: ಸಾಲಗಾಮೆರಸ್ತೆ

ಎಲ್ಲರಿಗೂ ನಮಸ್ಕಾರ. ಮಗಳು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸ್ತಿದ್ದಾಳೆ, ಸ್ಟೇಟ್ ಸಿಲಬಸ್. ರಿಂಗ್ ರೋಡ್ ಆಚೆ, ಮನೆಯಿಂದ ನಡೆದು ಹೋಗೋ ದೂರದಲ್ಲೇ ಒಂದು ಸರ್ಕಾರಿ ಪ್ರೌಢಶಾಲೆ ಇದೆ. ಎಂಟು, ಒಂಬತ್ತು, ಹತ್ತು ಸೇರಿ 68 ಮಕ್ಕಳು, ಹತ್ತನೇ ಕ್ಲಾಸಲ್ಲಿ 21. ಕನ್ನಡ ಮಾಧ್ಯಮ. ಮುಂದಿನ ವರ್ಷದಿಂದ ಇಂಗ್ಲಿಷ್ ಮಾಧ್ಯಮವೂ ಶುರುವಾಗುತ್ತೆ ಅಂತ ಹೇಳ್ತಿದ್ದಾರೆ. ಗೇಟಿನ ಹತ್ತಿರ ಬೋರ್ಡಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 95 ಅಂತ ಬರೆದಿದೆ.

ನಂಗೆ ಬೇಕಿರೋದು ಕಟ್ಟಡ, ಬಿಸಿಯೂಟದ ಮಾಹಿತಿ ಅಲ್ಲ, ಪಾಠದ್ದು. ಇಷ್ಟು ಸಣ್ಣ ಶಾಲೆಯಲ್ಲಿ ಗಣಿತ, ವಿಜ್ಞಾನ ಸರಿಯಾಗಿ ನಡೀತಿದೆಯಾ ಅಂತ ಹೊರಗಿನವರು ಹೇಗೆ ಕಂಡುಹಿಡಿಯೋದು? ಹೆಡ್‌ಮೇಷ್ಟ್ರ ಹತ್ತಿರ ಏನೇನು ಕೇಳಬಹುದು? ಇಂಗ್ಲಿಷ್ ಮೀಡಿಯಂನಿಂದ ಕನ್ನಡ ಮೀಡಿಯಂಗೆ ಬಂದ ಮಗು ಎಲ್ಲಿ ಎಡವುತ್ತೆ?

ಉತ್ತರ 1: ಕಪ್ಪುಹಲಗೆ

ಮೊದಲು ಆ ಶೇ 95ರ ಲೆಕ್ಕ ನೋಡಿ ಸರ್. 21 ಮಕ್ಕಳಲ್ಲಿ ಒಬ್ಬರು ಫೇಲಾದ್ರೆ ಶೇ 95, ಇಬ್ಬರು ಫೇಲಾದ್ರೆ ಶೇ 90. ಪರೀಕ್ಷೆ ದಿನ ಒಂದು ಮಗುವಿಗೆ ಜ್ವರ ಬಂದ್ರೂ ಬೋರ್ಡಿನ ಅಂಕಿ ಬದಲಾಗುತ್ತೆ. ಅದಕ್ಕೇ ಸಣ್ಣ ಶಾಲೆಯ ಒಂದು ವರ್ಷದ ಪರ್ಸೆಂಟೇಜಿಂದ ಏನೂ ತಿಳಿಯಲ್ಲ. ಕನಿಷ್ಠ ಮೂರು ವರ್ಷದ್ದು ಕೇಳಿ, ಅದೂ 2024 ಮತ್ತು ಆಮೇಲಿನದ್ದು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿದ್ದು 2024ರಲ್ಲಿ. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ 83.89 ಇದ್ದಿದ್ದು ಆ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳೀತು. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಶೇ 89.33 ಪಡೆದು ರಾಜ್ಯಕ್ಕೇ ಮೊದಲು ಬಂದಿತ್ತು. ಹೆಮ್ಮೆಯ ವಿಷಯವೇ, ಆದ್ರೆ ಆ ಕಾಲದ ಅಂಕಿ ಹಿಡ್ಕೊಂಡು ಇವತ್ತಿನ ಶಾಲೆ ಆರಿಸಕ್ಕಾಗಲ್ಲ.

ಇನ್ನೊಂದು ಮಾತು. ಪಾಸಾಗೋದು ಬೇರೆ, ಕಲಿಯೋದು ಬೇರೆ. ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20, ಒಟ್ಟು 125 ಅಂಕ ಶಾಲೆಯಲ್ಲೇ ಕೊಡೋ ಆಂತರಿಕ ಅಂಕ. ಬರವಣಿಗೆಗೆ ಇರೋದು 500. 2025–26ರಿಂದ ಪಾಸಾಗೋಕೆ ಒಟ್ಟಾರೆ ಶೇ 33, ಅಂದ್ರೆ 206 ಅಂಕ ಬಂದು, ಆಂತರಿಕವೂ ಸೇರಿ ವಿಷಯವೊಂದಕ್ಕೆ ಶೇ 30 ಇದ್ರೆ ಸಾಕು. ಗಣಿತದ ಆಂತರಿಕದಲ್ಲಿ 18 ಸಿಕ್ಕಿರೋ ಮಗು ಬರವಣಿಗೆಯಲ್ಲಿ 80ಕ್ಕೆ 12 ತೆಗೆದ್ರೂ ಆ ವಿಷಯ ದಾಟುತ್ತೆ. ಹಂಗಾಗಿ ನೀವು ಹೆಡ್‌ಮೇಷ್ಟ್ರನ್ನ ಕೇಳಬೇಕಾಗಿರೋದು ಇಷ್ಟು: "ಗಣಿತ, ವಿಜ್ಞಾನ, ಇಂಗ್ಲಿಷಲ್ಲಿ 80ಕ್ಕೆ 48ರ ಮೇಲೆ ಎಷ್ಟು ಮಕ್ಕಳು ತಗೊಂಡಿದ್ದಾರೆ?" ಮಕ್ಕಳ ಹೆಸರು ಬೇಡ, ಸಂಖ್ಯೆ ಹೇಳಿದ್ರೆ ಸಾಕು ಅನ್ನಿ. 21ರಲ್ಲಿ ಏಳೆಂಟು ಮಕ್ಕಳು ಆ ಗೆರೆ ದಾಟಿದ್ರೆ ಪಾಠ ನಡೀತಿದೆ ಅಂತ ಅರ್ಥ. ಇಬ್ಬರೋ ಮೂವರೋ ಆದ್ರೆ ಅಲ್ಲಿ ಪಾಸಿಂಗ್ ಪ್ಯಾಕೇಜ್, ಅಂದ್ರೆ ಪಾಸಾಗೋಕೆ ಬೇಕಾದಷ್ಟನ್ನೇ ಕಲಿಸೋದು ಮಾತ್ರ ನಡೀತಿದೆ.

ಮೂರನೇದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು: ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಶಿಕ್ಷಕರ) ಹುದ್ದೆ ಭರ್ತಿ ಇದೆಯಾ? ಸಣ್ಣ ಹೈಸ್ಕೂಲಲ್ಲಿ ವಿಷಯಕ್ಕೊಬ್ಬರೇ ಇರ್ತಾರೆ. ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಪಿಸಿಎಂ, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ದೈಹಿಕ ಶಿಕ್ಷಣ. ದೊಡ್ಡ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಆದ್ರೆ ಇನ್ನೊಬ್ಬ ಗಣಿತ ಮೇಷ್ಟ್ರು ಸುಧಾರಿಸ್ತಾರೆ. ಇಲ್ಲಿ ಒಬ್ಬರು ವರ್ಗ ಆದ್ರೆ ಮೂರೂ ತರಗತಿಗೆ ಗಣಿತವೇ ನಿಂತುಹೋಗುತ್ತೆ. ಆಮೇಲೆ ಅತಿಥಿ ಶಿಕ್ಷಕರು ಬರಬೇಕು, ಅದರ ಆದೇಶ, ಆಯ್ಕೆ ಮುಗಿಯೋ ಹೊತ್ತಿಗೆ ಜೂನ್, ಜುಲೈ ಕಳೆದಿರುತ್ತೆ. ಇಲ್ಲಾಂದ್ರೆ ಪಕ್ಕದ ಶಾಲೆಯವರು ನಿಯೋಜನೆ ಮೇಲೆ ವಾರಕ್ಕೆ ಎರಡು ಮೂರು ದಿನ ಬರ್ತಾರೆ. ಗಣಿತ ದಿನಾ ನಡೀಬೇಕಾದ ವಿಷಯ, ಸೋಮವಾರ ಬಿಡಿಸಿದ ಲೆಕ್ಕವನ್ನ ಗುರುವಾರ ಮುಂದುವರಿಸಿದ್ರೆ ಮಗು ಮರೆತಿರುತ್ತೆ.

ಇಂಗ್ಲಿಷ್ ಮಾಧ್ಯಮ ಶುರುವಾಗೋ ವಿಚಾರದಲ್ಲೂ ಇದೇ ಲೆಕ್ಕ ಹಾಕಿ. ಗಣಿತ ದಿನಕ್ಕೊಂದು ಪೀರಿಯಡ್ ಅಂದ್ರೆ ವಾರಕ್ಕೆ 6, ಮೂರು ತರಗತಿಗೆ 18. ಭೌತಶಾಸ್ತ್ರದ ಭಾಗಕ್ಕೆ ತರಗತಿಗೆ ಎರಡು ಹಿಡಿದ್ರೆ ಇನ್ನು 6. ಒಟ್ಟು 24, ಒಬ್ಬರು ಮಾಡಬಹುದಾದ ಕೆಲಸ. ಅದೇ ಮೇಷ್ಟ್ರಿಗೆ ಎರಡನೇ ಮಾಧ್ಯಮವೂ ಬಿದ್ದು ಮೂರೂ ತರಗತಿಗೆ ಹಬ್ಬಿದ್ರೆ 48. ವಾರದ ಒಟ್ಟು ಪೀರಿಯಡ್ಡೇ ಸುಮಾರು 45. ಆಗ ಎರಡೂ ಮಾಧ್ಯಮದ ಮಕ್ಕಳನ್ನ ಒಂದೇ ಕೊಠಡಿಯಲ್ಲಿ ಕೂರಿಸಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಲ್ಲಿ ಪಾಠ ಮಾಡದೆ ಬೇರೆ ದಾರಿ ಇರಲ್ಲ. ಹೊಸ ವಿಭಾಗಕ್ಕೆ ಹೊಸ ಶಿಕ್ಷಕರ ಹುದ್ದೆ ಬಂದಿದೆಯಾ ಅಂತ ಸ್ಪಷ್ಟವಾಗಿ ಕೇಳಿ. ಬಂದಿಲ್ಲ ಅಂದ್ರೆ ಕನ್ನಡ ಮಾಧ್ಯಮಕ್ಕೇ ಸೇರಿಸೋದು ಮೇಲು.

ಹುದ್ದೆಗಳು ತುಂಬಿದ್ರೆ ಮಾತ್ರ ಸಣ್ಣ ಶಾಲೆಯಷ್ಟು ಒಳ್ಳೇದು ಇನ್ನೊಂದಿಲ್ಲ. ಇಪ್ಪತ್ತು ಮಕ್ಕಳ ಗಣಿತದ ನೋಟ್ಸನ್ನ ದಿನಾ ತಿದ್ದಬಹುದು, ಅರವತ್ತು ಮಕ್ಕಳದ್ದು ಆಗಲ್ಲ.

ಉತ್ತರ 2: ಎಸ್‌ಡಿಎಂಸಿ_ಹಾಸನ

ಕಪ್ಪುಹಲಗೆ ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನೋಟ್ಸ್ ನೋಡೋಕೆ ಕೇಳಿ. ಒಂಬತ್ತನೇ ಕ್ಲಾಸಿನ ಯಾವುದಾದರೂ ಮೂರು ಮಕ್ಕಳ ಗಣಿತ ನೋಟ್ಸು ಸಾಕು. ಪುಟದ ಕೊನೆಗೆ ಕೆಂಪು ಇಂಕಲ್ಲಿ ಬರೀ ಸಹಿ, ತಾರೀಖು ಇದ್ರೆ ಅದು ತಿದ್ದಿದ್ದಲ್ಲ, ನೋಡಿದ್ದು. ತಪ್ಪಾದ ಸಾಲಿನ ಪಕ್ಕದಲ್ಲೇ ಗುರುತು ಹಾಕಿ, ಕೆಳಗೆ ಮಗು ಅದೇ ಲೆಕ್ಕವನ್ನ ಇನ್ನೊಂದು ಸಲ ಮಾಡಿದ್ರೆ ಅದು ತಿದ್ದಿದ್ದು. ಮೂರೂ ನೋಟ್ಸಲ್ಲಿ ಎಲ್ಲ ಲೆಕ್ಕವೂ ಸರಿಯಿದ್ದು ಒಂದೇ ಥರ ಇದ್ರೆ ಬೋರ್ಡಿಂದ ನಕಲು ಮಾಡಿಸಿದ್ದಾರೆ ಅಂತ ತಿಳ್ಕೊಳ್ಳಿ.

ಆಮೇಲೆ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಶಾಲೆಯಲ್ಲೇ ನಡೆಸೋ ಪರೀಕ್ಷೆ, ಚಟುವಟಿಕೆಗಳ) ದಾಖಲೆ. ಹತ್ತನೇ ಕ್ಲಾಸಿಗೆ ವರ್ಷಕ್ಕೆ ನಾಲ್ಕು ನಡೆಯುತ್ತೆ, ಒಂದೊಂದು 50 ಅಂಕಕ್ಕೆ: ಎರಡು ಚಟುವಟಿಕೆ ತಲಾ 15, ಕಿರುಪರೀಕ್ಷೆ 20. ಆ 200 ಅಂಕವನ್ನ ಇಳಿಸಿ 20 ಮಾಡ್ತಾರೆ, ಪ್ರಥಮ ಭಾಷೆಗೆ 25. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳು ಬೀರುವಿನಲ್ಲಿ ಇದ್ರೆ ಪರೀಕ್ಷೆ ನಿಜವಾಗಿ ನಡೆದಿದೆ. ರಿಜಿಸ್ಟರಲ್ಲಿ ಎಲ್ಲರಿಗೂ 48, 49 ಇದ್ದು ಉತ್ತರ ಪತ್ರಿಕೆ ಇಲ್ಲಾಂದ್ರೆ ಆ ಶಾಲೆಗೆ ಮಗುವಿನ ಮಟ್ಟ ಮಾರ್ಚ್‌ವರೆಗೂ ಗೊತ್ತಿರಲ್ಲ.

ಹಾಜರಿ ಪುಸ್ತಕವನ್ನೂ ಗಮನಿಸಿ. ಹಾಸನ ಸುತ್ತ ಮುಂಗಾರಲ್ಲಿ ಆಲೂಗಡ್ಡೆ, ಶುಂಠಿ ಕೆಲಸ, ಸಕಲೇಶಪುರ, ಮೂಡಿಗೆರೆ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆ ತಿಂಗಳುಗಳಲ್ಲಿ ಹತ್ತನೇ ಕ್ಲಾಸಿನ ಹಾಜರಿ ಬೀಳುತ್ತಾ, ಬಿದ್ರೆ ಶಾಲೆಯವರು ಏನು ಮಾಡ್ತಾರೆ ಅಂತ ಕೇಳಿ. ತಪ್ಪಿಸಿಕೊಂಡ ಪಾಠಕ್ಕೆ ಬೆಳಿಗ್ಗೆ ಒಂದು ಗಂಟೆ ಬೇರೆಯಾಗಿ ಕೂರಿಸೋ ಶಾಲೆಗಳಿವೆ. ನಿಮ್ಮ ಮಗಳಿಗೆ ಆ ತೊಂದರೆ ಇಲ್ಲದಿರಬಹುದು, ಆದ್ರೆ ಅರ್ಧ ಕ್ಲಾಸು ಬಂದಿಲ್ಲ ಅಂದ್ರೆ ಮೇಷ್ಟ್ರು ಹೊಸ ಅಧ್ಯಾಯ ಶುರು ಮಾಡಲ್ಲ, ಬಂದಿರೋ ಮಕ್ಕಳೂ ಕಾಯ್ತಾರೆ.

ಸಾಲಗಾಮೆರಸ್ತೆ

ತುಂಬಾ ಥ್ಯಾಂಕ್ಸ್. ಪಿಸಿಎಂ, ಸಿಬಿಝಡ್ ಇಬ್ಬರೂ ಕಾಯಂ ಇದ್ದಾರೆ ಅಂತ ತಿಳೀತು. ಹಿಂದಿ ಮಾತ್ರ ಅತಿಥಿ ಶಿಕ್ಷಕರು. ಎರಡು ಪ್ರಶ್ನೆ ಉಳೀತು. ಪ್ರಯೋಗಾಲಯ ಅಂತ ಬೇರೆ ಕೊಠಡಿ ಇಲ್ಲ, ಸ್ಟಾಫ್ ರೂಮಲ್ಲಿ ಎರಡು ಬೀರು ಅಷ್ಟೇ. ಅದು ಸಾಲುತ್ತಾ? ಮತ್ತೆ ಗಣಿತದಲ್ಲಿ ಕನ್ನಡ ಪದಗಳ ತೊಡಕು ಎಷ್ಟು ದಿನ ಇರುತ್ತೆ?

ಉತ್ತರ 3: ನೈಕ್ರೋಮ್

ಬೀರು ಎರಡೇ ಇರ್ಲಿ, ಒಳಗಿರೋದು ಹೊರಗೆ ಬರುತ್ತಾ ಅನ್ನೋದನ್ನ ನೋಡಿ. ಹೈಸ್ಕೂಲ್ ವಿಜ್ಞಾನದ ಬಹುಪಾಲು ಪ್ರಯೋಗ ಬೆಂಚಿನ ಮೇಲೇ ಆಗುತ್ತೆ. ಹೋದಾಗ ಅಮ್ಮೀಟರ್, ವೋಲ್ಟ್‌ಮೀಟರ್ ತೋರಿಸಿ ಅನ್ನಿ. ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ರೆ, ಕಳೆದ ವರ್ಷದ ಸೆಲ್ಲು ಸೋರಿ ಡಬ್ಬಿಯಲ್ಲೇ ಅಂಟಿಕೊಂಡಿದ್ರೆ ಆ ವರ್ಷ ವಿದ್ಯುತ್ ಪಾಠ ಬೋರ್ಡ್ ಮೇಲೇ ಮುಗಿದಿದೆ ಅಂತ ಲೆಕ್ಕ.

ಓಮ್‌ನ ನಿಯಮದ ಪ್ರಯೋಗವನ್ನೇ ತಗೊಳ್ಳಿ. ಪಠ್ಯದಲ್ಲಿ ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್ಲು. ಒಂದು ಸೆಲ್ಲಿಂದ ಶುರು ಮಾಡಿ ಒಂದೊಂದೇ ಸೇರಿಸ್ತಾ ವೋಲ್ಟ್, ಆಂಪಿಯರ್ ಬರ್ಕೊಂಡು, ಭಾಗಿಸಿ ನೋಡೋದು. ಬಹಳ ಕಡೆ ಇದು ಕೆಡೋದು ತಂತಿಯಿಂದ. 28 ಗೇಜಿನ ನೈಕ್ರೋಮ್ ತಂತಿಯ ರೋಧ ಮೀಟರಿಗೆ ಸುಮಾರು 10 ಓಮ್. ಅರ್ಧ ಮೀಟರ್ ಅಂದ್ರೆ 5 ಓಮ್. ನಾಲ್ಕು ಸೆಲ್ಲು ಸೇರಿ 6 ವೋಲ್ಟ್ ಕೊಟ್ರೆ 1.2 ಆಂಪಿಯರ್ ಹರಿಯಬೇಕು. ಶಾಲೆಯಲ್ಲಿರೋ ಅಮ್ಮೀಟರ್ 1 ಆಂಪಿಯರ್‌ವರೆಗಿನದ್ದಾದ್ರೆ ಮುಳ್ಳು ಕೊನೆಗೆ ಹೋಗಿ ಬಡಿಯುತ್ತೆ, ತಂತಿ ಬಿಸಿಯಾಗುತ್ತೆ, ಅಗ್ಗದ ಸೆಲ್ಲು ಕುಸಿಯುತ್ತೆ. ಕೊನೇ ಅಳತೆ ಗೆರೆಗೆ ಸೇರಲ್ಲ, ಮಕ್ಕಳು "ನಿಯಮ ತಪ್ಪು" ಅಂತಾರೆ. ಒಂದು ಮೀಟರ್ ತಂತಿ ತಗೊಂಡು ಸ್ಕೇಲಿನ ಮೇಲೆ ಹಿಂದೆ ಮುಂದೆ ಬಿಗಿದು ಕಟ್ಟಿ, ಸುತ್ತುಗಳು ಒಂದಕ್ಕೊಂದು ತಾಗದ ಹಾಗೆ. ಆಗ 0.15ರಿಂದ 0.6 ಆಂಪಿಯರ್ ಒಳಗೇ ಎಲ್ಲ ಮುಗಿಯುತ್ತೆ. ಸ್ವಿಚ್ಚನ್ನ ಅಳತೆ ಓದುವಷ್ಟು ಹೊತ್ತು ಮಾತ್ರ ಒತ್ತಬೇಕು. ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ತಂತಿಗೆ ಸಮಾಂತರವಾಗಿ. ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಓಡಿದ್ರೆ ಧನ, ಋಣ ತಿರುಗಾಮುರುಗಾ ಆಗಿದೆ.

ಹೆಡ್‌ಮೇಷ್ಟ್ರ ಅನುಮತಿ ತಗೊಂಡು ಹತ್ತನೇ ಕ್ಲಾಸಿನ ಒಂದು ಮಗುವನ್ನ ಕೇಳಿ: "ಅಮ್ಮೀಟರ್ ಎಲ್ಲಿ ಜೋಡಿಸ್ತೀಯಮ್ಮ?" ಕೈಯಲ್ಲಿ ಮುಟ್ಟಿ ಮಾಡಿರೋ ಮಗು ಬೆರಳಲ್ಲಿ ತೋರಿಸುತ್ತೆ. ಬರೀ ಬಾಯಿಪಾಠ ಮಾಡಿರೋ ಮಗು ವ್ಯಾಖ್ಯೆ ಒಪ್ಪಿಸುತ್ತೆ.

ರಸಾಯನದಲ್ಲಿ ಸತುವಿನ ಚೂರಿಗೆ ಸಾರರಿಕ್ತ (ನೀರು ಬೆರೆಸಿ ತೆಳು ಮಾಡಿದ) ಸಲ್ಫ್ಯೂರಿಕ್ ಆಮ್ಲ ಹಾಕಿ ಹೈಡ್ರೋಜನ್ ಬರಿಸೋದಿದೆ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಸತುವಿನ ಮೇಲೆ ಬೂದು ಪದರ ಕೂತಿರುತ್ತೆ, ಗುಳ್ಳೆ ಬರೋದು ನಿಧಾನ. ಮರಳು ಕಾಗದದಲ್ಲಿ ಉಜ್ಜಿ ಹಾಕಿದ್ರೆ ಸರಿಹೋಗುತ್ತೆ. ಸಾರರಿಕ್ತ ಮಾಡುವಾಗ ಆಮ್ಲವನ್ನ ನೀರಿಗೆ ಹಾಕಬೇಕೇ ಹೊರತು ನೀರನ್ನ ಆಮ್ಲಕ್ಕಲ್ಲ, ಮತ್ತೆ ಅದು ಮೇಷ್ಟ್ರ ಕೆಲಸ, ಮಕ್ಕಳದ್ದಲ್ಲ.

ಉತ್ತರ 4: ಕಪ್ಪುಹಲಗೆ

ಗಣಿತದ ಪದಗಳ ವಿಚಾರ ನಾನು ಹೇಳ್ತೀನಿ. ತೊಡಕು ಇರೋದು ನಿಜ, ಆದ್ರೆ ಪೂರ್ತಿ ಭಾಷೆಯದ್ದಲ್ಲ, ಜೋಡಿ ಪದಗಳದ್ದು. ಅಪವರ್ತನ, ಅಪವರ್ತ್ಯ, ಎರಡೂ ಒಂದೇ ಥರ ಕೇಳಿಸುತ್ತೆ. 12ಕ್ಕೆ 1, 2, 3, 4, 6, 12 ಅಪವರ್ತನಗಳು. 12, 24, 36 ಅಪವರ್ತ್ಯಗಳು. 12 ಮತ್ತು 18ರ ಮಹತ್ತಮ ಸಾಮಾನ್ಯ ಅಪವರ್ತನ 6, ಲಘುತ್ತಮ ಸಾಮಾನ್ಯ ಅಪವರ್ತ್ಯ 36. ಇಂಗ್ಲಿಷ್ ಮೀಡಿಯಂನಿಂದ ಬಂದ ಮಗು ಲೆಕ್ಕ ಸರಿಯಾಗೇ ಮಾಡಿ, ಕೇಳಿದ್ದು ಬಿಟ್ಟು ಇನ್ನೊಂದನ್ನ ಬರೆದಿರುತ್ತೆ. ಹಾಗೇ ಅಂಶ, ಛೇದ. ಪ್ರತಿಫಲನ, ವಕ್ರೀಭವನ. ಪೀನ, ನಿಮ್ನ. ದರ್ಪಣ, ಮಸೂರ. ರೋಧ, ರೋಧಶೀಲತೆ. ಇಂಥವು ನಲವತ್ತು ಐವತ್ತು ಜೋಡಿ ಇರಬಹುದು, ಅಷ್ಟೇ.

ಉಪಾಯ ಸುಲಭ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಪಿಡಿಎಫ್ ಸಿಗುತ್ತೆ. ಏಳನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಇಳಿಸ್ಕೊಂಡು ಏಪ್ರಿಲ್, ಮೇ ರಜೆಯಲ್ಲಿ ದಿನಾ ಐದು ಲೆಕ್ಕ ಮಾಡಿಸಿ. ಲೆಕ್ಕ ಅವಳಿಗೆ ಗೊತ್ತಿರೋದೇ, ಪದ ಮಾತ್ರ ಹೊಸದು, ಅದಕ್ಕೇ ಬೇಗ ಕೂರುತ್ತೆ. ನೋಟ್ಸಿನ ಕೊನೇ ಪುಟಗಳಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೀತಾ ಹೋಗ್ಲಿ. ಆ ಪಟ್ಟಿಯನ್ನ ಹತ್ತನೇ ಕ್ಲಾಸು ಮುಗಿಯೋವರೆಗೂ ಬಿಡಬೇಡಿ. ಪಿಯುಸಿ ವಿಜ್ಞಾನ ಪೂರ್ತಿ ಇಂಗ್ಲಿಷಲ್ಲಿ, ಅಲ್ಲಿ ಇದೇ ಪಟ್ಟಿಯನ್ನ ಬಲದಿಂದ ಎಡಕ್ಕೆ ಓದಬೇಕಾಗುತ್ತೆ.

ಜೂನ್ ಶುರುವಲ್ಲಿ ಶಾಲೆಯಲ್ಲಿ ಸೇತುಬಂಧ ಇರುತ್ತೆ. ಮೊದಲು ನೈದಾನಿಕ ಪರೀಕ್ಷೆ (ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ನೋಡೋದು), ಆಮೇಲೆ ಹಿಂದಿನ ತರಗತಿಯ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. "ಈಗಿನ್ನೂ ಪಾಠ ಶುರುವಾಗಿಲ್ಲ" ಅಂತ ಆ ದಿನಗಳಲ್ಲಿ ಮಗುವನ್ನ ಊರಿಗೆ ಕಳಿಸಬೇಡಿ, ನಿಮ್ಮ ಮಗಳಿಗೆ ಅತಿ ಹೆಚ್ಚು ಉಪಯೋಗ ಆಗೋದೇ ಆಗ.

ಹತ್ತನೇ ಕ್ಲಾಸಿನ ಪತ್ರಿಕೆ ಹೇಗಿರುತ್ತೆ ಅಂತ ಈಗಲೇ ಒಂದ್ಸಲ ನೋಡ್ಕೊಳ್ಳಿ. ಗಣಿತಕ್ಕೆ 38 ಪ್ರಶ್ನೆ, 80 ಅಂಕ: ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು 1. ನಾಲ್ಕು ಅಂಕದಲ್ಲಿ ನಕ್ಷೆಯ ವಿಧಾನದಿಂದ ಸಮೀಕರಣ ಬಿಡಿಸೋದು ಬರುತ್ತೆ ಅಂತ ನಂಬಬಹುದಾದ ಪ್ರಶ್ನೆ. ಉದಾಹರಣೆಗೆ 2ಎಕ್ಸ್ + ವೈ = 8, ಎಕ್ಸ್ − ವೈ = 1. ಮೊದಲನೆಯದಕ್ಕೆ ಎಕ್ಸ್ 0, 2, 3 ಅಂದ್ರೆ ವೈ 8, 4, 2. ಎರಡನೆಯದಕ್ಕೆ ಎಕ್ಸ್ 1, 3, 5 ಅಂದ್ರೆ ವೈ 0, 2, 4. ಎರಡು ಬಿಂದು ಸಾಕಾದ್ರೂ ಮೂರು ತಗೊಳ್ಳೋದು ಯಾಕಂದ್ರೆ, ಒಂದು ತಪ್ಪಿದ್ರೆ ಮೂರೂ ಒಂದೇ ಗೆರೆಯಲ್ಲಿ ಕೂರಲ್ಲ, ಅಲ್ಲೇ ಸಿಕ್ಕಿಬೀಳುತ್ತೆ. ಗೆರೆಗಳು (3, 2)ರಲ್ಲಿ ಕೂಡುತ್ತೆ. ಮಕ್ಕಳು ಅಂಕ ಕಳ್ಕೊಳ್ಳೋದು ಸಣ್ಣದಕ್ಕೇ: ಮೂಲೆಯಲ್ಲಿ ಪ್ರಮಾಣ ಬರೆಯಲ್ಲ, ಗೆರೆಯ ಮೇಲೆ ಸಮೀಕರಣ ಬರೆಯಲ್ಲ, ನಕ್ಷೆ ಬರೆದು ಎಕ್ಸ್ = 3, ವೈ = 2 ಅನ್ನೋ ಉತ್ತರವನ್ನೇ ಬಿಡ್ತಾರೆ. ಮೊಂಡು ಪೆನ್ಸಿಲಲ್ಲಿ ದಪ್ಪ ಗೆರೆ ಎಳೆದ್ರೆ ಛೇದಿಸೋ ಬಿಂದು ಅರ್ಧ ಚೌಕ ಆಚೀಚೆ ಆಗುತ್ತೆ. ವಿಜ್ಞಾನದ ಕಿರಣ ಚಿತ್ರದಲ್ಲೂ ಹೀಗೇ, ಕಿರಣಕ್ಕೆ ಬಾಣದ ಗುರುತು ಇಲ್ಲಾಂದ್ರೆ ಅದು ಬರೀ ಗೆರೆ.

ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸೋಕೆ 5 ಅಂಕ. ಎಂಟನೇ ಕ್ಲಾಸಿಂದ ವಾರಕ್ಕೊಂದು ನಕ್ಷೆ ಕೈಯಲ್ಲಿ ಬರೆದ್ರೆ ಹತ್ತರಲ್ಲಿ ನಾಲ್ಕು ನಿಮಿಷದ ಕೆಲಸ.

ಉತ್ತರ 5: ಅರಸೀಕೆರೆ_ಗುಮಾಸ್ತೆ

ದಾಖಲೆಗಳ ಕಡೆಯಿಂದ ಎರಡು ಮಾತು, ಯಾಕಂದ್ರೆ ಇದರಲ್ಲಿ ತಪ್ಪು ತಿಳುವಳಿಕೆ ಜಾಸ್ತಿ.

ಈಗ ಕನ್ನಡ ಮಾಧ್ಯಮಕ್ಕೆ ಸೇರಿಸಿದ್ರೆ ಮುಂದೆ ಸಿಇಟಿಯಲ್ಲಿ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅದಕ್ಕೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲೇ ಓದಿರಬೇಕು. ಶೇ 15ರ ಗ್ರಾಮೀಣ ಮೀಸಲಾತಿಗೂ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಮಗಳ ಈಗಿನ ಶಾಲೆ ನಗರದ ಗಡಿಯೊಳಗಿದ್ರೆ ಅದು ಆಗ್ಲೇ ಕೈಬಿಟ್ಟಿದೆ. ಎರಡೂ ಶಾಲೆ ಪಂಚಾಯ್ತಿ ವ್ಯಾಪ್ತಿಯಲ್ಲಿದ್ರೆ ಮಾತ್ರ ಯೋಚಿಸಿ, ಅದೂ ಊರಿನ ಗಡಿ ಬೆಳೀತಿರೋದ್ರಿಂದ ವರ್ಷವಾರು ವಿಚಾರಿಸಿ. ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು.

ನಿಜವಾಗಿ ಸಿಗೋ ಲಾಭ ಎನ್‌ಎಂಎಂಎಸ್, ಅಂದ್ರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಎಂಟನೇ ತರಗತಿಯನ್ನ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದ್ತಿರಬೇಕು, ಏಳರಲ್ಲಿ ಶೇ 55 ಬಂದಿರಬೇಕು (ಪರಿಶಿಷ್ಟರಿಗೆ ಶೇ 50), ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದರಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಆಯ್ಕೆಯಾದ್ರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಈ ಪರೀಕ್ಷೆಗೆ ಕಳೆದ ವರ್ಷ ಎಷ್ಟು ಮಕ್ಕಳನ್ನ ಕೂರಿಸಿದ್ರು, ಎಷ್ಟು ಜನ ಆಯ್ಕೆಯಾದ್ರು ಅಂತ ಕೇಳಿ. ಎಂಟನೇ ಕ್ಲಾಸಿನ ಮಕ್ಕಳ ಮೇಲೂ ಆ ಶಾಲೆಯವರಿಗೆ ಗಮನ ಇದೆಯಾ, ಹತ್ತನೇ ಕ್ಲಾಸಿನ ಮೇಲೆ ಮಾತ್ರವಾ ಅನ್ನೋದು ಆ ಉತ್ತರದಲ್ಲೇ ತಿಳಿಯುತ್ತೆ.

ವರ್ಗಾವಣೆ ಪತ್ರ ತಗೊಳ್ಳುವಾಗ ಎಸ್‌ಎಟಿಎಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ) ಸಂಖ್ಯೆ, ಹೆಸರು, ಹುಟ್ಟಿದ ತಾರೀಖು ಆಧಾರ್ ಜೊತೆ ಹೊಂದುತ್ತಾ ಅಕ್ಷರ ಅಕ್ಷರ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹಾಗೇ ಹೋಗುತ್ತೆ, ಆಮೇಲೆ ತಿದ್ದಿಸೋದು ಮಂಡಳಿವರೆಗೂ ಹೋಗೋ ಕೆಲಸ. ಎಂಟನೇ ಕ್ಲಾಸಲ್ಲಾದ್ರೆ ಶಾಲೆಯ ಹಂತದಲ್ಲೇ ಮುಗಿಸಬಹುದು.

ಸಾಲಗಾಮೆರಸ್ತೆ

ಎಲ್ಲರಿಗೂ ಧನ್ಯವಾದ. ಸೋಮವಾರ ಶಾಲೆಗೆ ಹೋಗ್ತಿದ್ದೀನಿ, 80ಕ್ಕೆ 48ರ ಸಂಖ್ಯೆ, ಒಂಬತ್ತನೇ ಕ್ಲಾಸಿನ ಮೂರು ನೋಟ್ಸು, ಹೊಸ ವಿಭಾಗದ ಹುದ್ದೆ, ಎನ್‌ಎಂಎಂಎಸ್, ನಾಲ್ಕನ್ನೂ ಕೇಳ್ತೀನಿ. ಹಿಂದಿಗೆ ಕಾಯಂ ಶಿಕ್ಷಕರು ಇಲ್ಲದಿರೋದು ದೊಡ್ಡ ತೊಂದರೆನಾ?

ಕಪ್ಪುಹಲಗೆ

ಇಲ್ಲ ಸರ್. ನಿಮ್ಮ ಮಗಳು ಮೊದಲೇ ಹಿಂದಿ ಓದಿದ್ರೆ ಅತಿಥಿ ಶಿಕ್ಷಕರು ಜುಲೈನಲ್ಲಿ ಬಂದ್ರೂ ಸುಧಾರಿಸ್ಕೊಳ್ತಾಳೆ. ಅದಕ್ಕಿಂತ ಕನ್ನಡದ ಕಡೆ ಗಮನ ಕೊಡಿ. ಇಂಗ್ಲಿಷ್ ಮೀಡಿಯಂನಲ್ಲಿ ಕನ್ನಡ ದ್ವಿತೀಯ ಭಾಷೆ ಆಗಿದ್ರೆ, ಇಲ್ಲಿ ಅದು 125 ಅಂಕದ ಪ್ರಥಮ ಭಾಷೆ. ಹಳಗನ್ನಡ ಪದ್ಯ, ಛಂದಸ್ಸು, ಅಲಂಕಾರ ಬರುತ್ತೆ. ರಜೆಯಲ್ಲಿ ಗಣಿತದ ಐದು ಲೆಕ್ಕದ ಜೊತೆ ಅರ್ಧ ಪುಟ ಕನ್ನಡ ಬರೆಸಿ. ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಈಗಲೇ ತಿದ್ದಿದ್ರೆ ಎಲ್ಲ ವಿಷಯದ ಉತ್ತರಕ್ಕೂ ಆಗುತ್ತೆ.